ಖಾಲಿ ಸೈಟಿನ ಉಮ್ಮತ್ತಿ, ಯುದ್ಧದ ಹಡಗು (ಭಾಗ 4)

ಫೋಟೋದಲ್ಲಿರೋದು ನಮ್ಮ ರಾಜೀವನಗರದ ಖಾಲಿ ಸೈಟಿನ ಉಮ್ಮತ್ತಿ, ಅಂದ್ರೆ ದತ್ತೂರ. ವಿಷ ಕಣ್ರೋ, ಬಾಯಿಗಿಡಬೇಡಿ! ಇದರಲ್ಲಿರೋ ಹಯೋಸೀನ್ ಎರಡನೇ ಮಹಾಯುದ್ಧದಲ್ಲಿ ಹಡಗಿನ ವಾಂತಿಗೆ ಮದ್ದಾಯ್ತು.

ಯಾಕೆ ಅಷ್ಟು ತಲೆಕೆಡಿಸ್ಕೊಂಡ್ರು? ದೋಣಿಯಲ್ಲಿ ವಾಂತಿ ಮಾಡಿ ಸುಸ್ತಾದ ಸೈನಿಕ ದಡಕ್ಕೆ ಇಳಿದ ತಕ್ಷಣ ಗುಂಡಿಗೆ ಎದುರಾಗಬೇಕಿತ್ತು. ಆದರೆ ಮದ್ದೇ ಮಂಪರು ತಂದ್ರೆ? ಅದಕ್ಕೇ ಕೆನಡಾದಲ್ಲಿ ಜನರನ್ನ ಉಯ್ಯಾಲೆಯಲ್ಲಿ ತೂಗಿ, ಬ್ರಿಟನ್ನಿನಲ್ಲಿ ಸಮುದ್ರಕ್ಕೇ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿದ್ರು. ಬಾಯಿ ಒಣಗಿದ್ರೂ ಹಯೋಸೀನ್ ಕೆಲಸ ಮಾಡ್ತು.

ಅದನ್ನ ತೆಗೆಯೋಕೆ ಎಲೆ ಬಂದಿದ್ದು ಆಸ್ಟ್ರೇಲಿಯಾದ ದುಬೋಯಿಸಿಯಾ ಮರದಿಂದ. ಅದೂ ಉಮ್ಮತ್ತಿ, ಬದನೆಕಾಯಿಗಳ ಕುಟುಂಬದ್ದೇ!

1944ರ ಜೂನ್ 6ರಂದು ನಾರ್ಮಂಡಿಗೆ ಹೊರಟ ಸೈನಿಕರಿಗೆ ಮಾತ್ರೆ ಜೊತೆ ವಾಂತಿ ಚೀಲವನ್ನೂ ಕೊಟ್ಟಿದ್ರು. ಅಲೆ ಜೋರಿತ್ತು. ಮಾತ್ರೆ ನುಂಗಿದ್ರೂ ತುಂಬಾ ಜನಕ್ಕೆ ಚೀಲ ಬೇಕಾಯ್ತು.