ಸುಟ್ಟ ಸಸಿಮಡಿ, ಕರಿ ಮಣ್ಣು: ಮುಳಶಿಯ ರಾಬ್ ಕಥೆ

ಹಿಂಜವಡಿಯಲ್ಲಿ ಕೆಲಸ, ಪಿಂಪಳೆ ಸೌದಾಗರದಲ್ಲಿ ಫ್ಲ್ಯಾಟು. ನಮ್ಮಲ್ಲಿ ಎಷ್ಟೋ ಜನರ ವಿಳಾಸ ಇದೇ ಅಲ್ವಾ? ಆ ಪಿಂಪಳೆ ಸೌದಾಗರದ ಮೇಲೆ 1917ರಲ್ಲೇ ಒಂದು ಪುಸ್ತಕ ಬಂದಿತ್ತು. ಬರೆದವರು ಪುಣೆ ಕೃಷಿ ಕಾಲೇಜಿನ ಪ್ರಿನ್ಸಿಪಾಲ್ ಹೆರಾಲ್ಡ್ ಮ್ಯಾನ್. 1771ರಲ್ಲಿ ಆ ಹಳ್ಳಿಯ ಸರಾಸರಿ ಹಿಡುವಳಿ 40 ಎಕರೆ, 1915ರ ಹೊತ್ತಿಗೆ ಬರೀ 7 ಎಕರೆ ಅಂತ ಅವರು ಲೆಕ್ಕ ಹಾಕಿದರು. ಈಗ ಅಲ್ಲಿ ನಾವು ಚದರ ಅಡಿಯಲ್ಲಿ ಕೊಳ್ತೀವಿ, ಆ ಮಾತು ಬಿಡಿ.

ನನಗೆ ಬೇಕಾದದ್ದು ಮ್ಯಾನ್ ಅವರ ಇನ್ನೊಂದು ಬರಹ. 1912ರಲ್ಲಿ ಎನ್.ವಿ. ಜೋಶಿ, ಎನ್.ವಿ. ಕಾನಿಟ್ಕರ್ ಜೊತೆ ಸೇರಿ ಅವರು 'ರಾಬ್' ಪದ್ಧತಿ ಬಗ್ಗೆ ಪ್ರಕಟಿಸಿದ ಅಧ್ಯಯನ.

ರಾಬ್ ಅಂದ್ರೆ ಏನು? ಮುಳಶಿ, ಮಾವಳ, ಭೋರ್ ಕಡೆ ಭತ್ತದ ಸಸಿಮಡಿ ಮಾಡೋ ಜಾಗದಲ್ಲಿ ಬೇಸಿಗೆಯಲ್ಲೇ ಸಗಣಿ ಹರಡ್ತಾರೆ. ಅದರ ಮೇಲೆ ಸೊಪ್ಪು ಸೌದೆ, ಮೇಲೆ ಒಣಹುಲ್ಲು. ಕೊನೆಗೆ ಒಂದು ಪದರ ಪುಡಿಮಣ್ಣು, ಆಮೇಲೆ ಬೆಂಕಿ. ಮಣ್ಣು ಮುಚ್ಚಿರೋದ್ರಿಂದ ಬೆಂಕಿ ಭಗ್ಗನೆ ಉರಿಯಲ್ಲ, ಹೊಗೆಯಾಡ್ತಾ ನಿಧಾನಕ್ಕೆ ಬೇಯುತ್ತೆ. ಮೊದಲ ಮಳೆಗೆ ಬೀಜ ಚೆಲ್ಲಿದರೆ ಕಳೆ ಕಡಿಮೆ, ಸಸಿ ಜೋರು. ನಮ್ಮ ದಕ್ಷಿಣ ಕನ್ನಡ, ಕಾಸರಗೋಡಿನವರು 'ಸುಡುಮಣ್ಣು' ಅನ್ನೋದನ್ನ ಕೇಳಿದ್ದೀರಲ್ಲ, ಅದರ ಹತ್ತಿರದ ನೆಂಟ ಇದು.

ಸರ್ಕಾರಕ್ಕೆ ಇದು ದೊಡ್ಡ ತಲೆನೋವಾಗಿತ್ತು. ಸೊಪ್ಪು ಎಲ್ಲಿಂದ ಬರಬೇಕು? ಕಾಡಿನಿಂದ. ಮರಾಠಿಯ ಐನ್, ಅಂದ್ರೆ ನಮ್ಮ ಮತ್ತಿ ಮರ, ಕೊಂಬೆ ಕಳಕೊಂಡು ಬೋಳಾಗಿ ನಿಲ್ತಿತ್ತು. ಅರಣ್ಯ ಇಲಾಖೆ ನಿರ್ಬಂಧ ಹಾಕಿತು, ಠಾಣೆ, ಕೊಲಾಬಾ ರೈತರು ತಿರುಗಿ ಬಿದ್ದರು. 1885ರಲ್ಲಿ ಬಾಂಬೆ ಅರಣ್ಯ ಆಯೋಗವೇ ಕೂರಬೇಕಾಯ್ತು. ಸಾಹೇಬರಿಗೆ ಅದು ಮೂಢ ಪದ್ಧತಿ, ರೈತನಿಗೆ ವರ್ಷದ ಅನ್ನ. ಹಾಗಾಗಿ ಫಲ ಬರೋದು ಬೂದಿಯಿಂದಲೋ, ಮಣ್ಣಿಗೆ ತಾಗಿದ ಬಿಸಿಯಿಂದಲೋ ಅನ್ನೋದು ಬರೀ ಲ್ಯಾಬಿನ ಪ್ರಶ್ನೆ ಆಗಿರಲಿಲ್ಲ. ಆ ರೈತರ ಮಾತನ್ನ ಗಂಭೀರವಾಗಿ ತಗೊಂಡು ಅಳೆದು ನೋಡಿದ್ದಕ್ಕೇ ನನಗೆ ಈ ಮೂವರ ಮೇಲೆ ಗೌರವ.

ಈಗ ಎಲ್ಲರೂ ಬಯೋಚಾರ್ ಅಂತಾರೆ. ಅಮೆಜಾನಿನ ಕರಿಮಣ್ಣು, 'ಟೆರ್ರಾ ಪ್ರೇಟಾ', ಇದಕ್ಕೆ ಮೂಲಪುರುಷ. ಗಾಳಿ ಕಮ್ಮಿ ಕೊಟ್ಟು ಸುಟ್ಟರೆ ಕಸ ಬೂದಿಯಾಗಲ್ಲ, ಇದ್ದಿಲಾಗುತ್ತೆ. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು, ಸಾರ ನಿಲ್ಲುತ್ತೆ, ಇಂಗಾಲ ನೂರಾರು ವರ್ಷ ಮಣ್ಣಲ್ಲೇ ಉಳಿಯುತ್ತೆ. ರಾಬ್ ಪೂರ್ತಿ ಬಯೋಚಾರ್ ಅಲ್ಲ. ಬೂದಿಯೇ ಜಾಸ್ತಿ, ಆದರೆ ಆ ಮಣ್ಣಿನ ಪದರದ ಕೆಳಗೆ ಒಂದಿಷ್ಟು ಇದ್ದಿಲೂ ಉಳಿಯುತ್ತೆ.

ಪುಣೆಯಲ್ಲೇ ಇನ್ನೊಂದು ಅಧ್ಯಾಯ ಇದೆ. ಇರಾವತಿ ಕರ್ವೆ ಅವರ ಮಗ, ಸಸ್ಯವಿಜ್ಞಾನಿ ಆನಂದ ಕರ್ವೆ 1996ರಲ್ಲಿ 'ಆರ್ತಿ' ಸಂಸ್ಥೆ ಕಟ್ಟಿದರು. ಕಬ್ಬಿನ ರವದಿಯನ್ನ ಡಬ್ಬಿಗಳಲ್ಲಿ ತುಂಬಿ, ಭಟ್ಟಿಯಲ್ಲಿಟ್ಟು ಇದ್ದಿಲು ಮಾಡೋ ವಿಧಾನಕ್ಕೆ 2002ರಲ್ಲಿ ಆಶ್‌ಡೆನ್ ಪ್ರಶಸ್ತಿ ಬಂತು. ಆದರೆ ಆ ಇದ್ದಿಲು ಹೋಗಿದ್ದು ಹೊಲಕ್ಕಲ್ಲ, ಒಲೆಗೆ. ಅದೂ ಸರಿಯೇ. ಒಲೆಗೆ ಹಾಕಿದರೆ ಇವತ್ತೇ ದುಡ್ಡು, ಮಣ್ಣಿಗೆ ಹಾಕಿದರೆ ಯಾವತ್ತೋ.

ಯೂಟ್ಯೂಬ್ ನೋಡಿ ಊರಿನ ಹೊಲಕ್ಕೆ ಲೋಡುಗಟ್ಟಲೆ ಇದ್ದಿಲು ತರಿಸೋ ಸ್ನೇಹಿತರಿಗೆ ಒಂದು ಮಾತು. ಬಯೋಚಾರ್ ಹೆಚ್ಚು ಫಲ ಕೊಡೋದು ಹುಳಿ ಇರುವ ಕೆಂಪು, ಜಂಬಿಟ್ಟಿಗೆ ಮಣ್ಣಿಗೆ. ನಮ್ಮ ಎರೆಹೊಲ ಮೊದಲೇ ಕ್ಷಾರ, ಅಲ್ಲಿ ಅಷ್ಟು ಆಸೆ ಬೇಡ. ಹಸಿ ಇದ್ದಿಲು ನೇರ ಹಾಕಿದರೆ ಮಣ್ಣಿನ ಸಾರಜನಕವನ್ನೇ ಹೀರಬಹುದು. ಮೊದಲು ಸಗಣಿ ನೀರಲ್ಲಿ ನೆನೆಸಿಡಿ.

ಗೋಕಾಕ ಕಡೆಯ ನಮ್ಮ ಕಾಕಾಗೆ ಫೋನ್ ಮಾಡಿ, ರವದಿ ಸುಡಬ್ಯಾಡ್ರಿ, ಭಟ್ಟಿ ಹಾಕೋಣು ಅಂದೆ. "ರವದಿ ಬಳಿಯಾಕ ಆಳು ಎಲ್ಲಿ ಸಿಗ್ತಾವಪಾ? ಕಡ್ಡಿ ಗೀರಿದ್ರ ಒಂದು ತಾಸಿನ ಕೆಲಸ" ಅಂದರು. ಕೂಲಿ ನಾನು ಕೊಡ್ತೀನಿ ಅಂದಮೇಲೆ ನಾಲ್ಕು ಗುಂಟೆ ಬಿಟ್ಟುಕೊಟ್ಟಿದ್ದಾರೆ. ಬರೋ ದೀಪಾವಳಿಗೆ ಹೋದಾಗ ಭಟ್ಟಿ ಹಾಕಬೇಕು.