ಕಂಬಳಿಯ ಮೇಲಿನ ಹನಿ

ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗಿಳಿಯುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಹಲವರು ಕಂಡಿರಬಹುದು. ಕಂಬಳಿಯ ತುಂಬ ಸಣ್ಣ ಸಣ್ಣ ತೂತುಗಳು. ಆದರೂ ಮಳೆಹನಿ ಅದರ ಮೇಲೆ ಗುಂಡಗೆ ನಿಂತು ಜಾರಿಹೋಗುತ್ತದೆ. ಹತ್ತಿಯ ಅಂಗಿಯಾದರೋ ಕ್ಷಣದಲ್ಲಿ ತೊಯ್ದು ತೊಪ್ಪೆ! ಇದೇಕೆ ಹೀಗೆ? ವಿಜ್ಞಾನಿಗಳು ಇದಕ್ಕೆ ಉತ್ತರ ಕಂಡುಕೊಂಡದ್ದು ಹಂತಹಂತವಾಗಿ.

1805ರಲ್ಲಿ ಇಂಗ್ಲೆಂಡಿನ ವೈದ್ಯ ತಾಮಸ್ ಯಂಗ್ ಒಂದು ವಿಷಯವನ್ನು ಸ್ಪಷ್ಟಪಡಿಸಿದರು. ಹನಿಯ ಅಂಚು ತಾನು ಕುಳಿತ ಮೇಲ್ಮೈಯೊಡನೆ ನಿರ್ದಿಷ್ಟ ಕೋನವೊಂದನ್ನು ಮಾಡುತ್ತದೆ. ಇದೇ ಸ್ಪರ್ಶಕೋನ. ಅದು 90 ಡಿಗ್ರಿಗಿಂತ ಕಡಿಮೆಯಿದ್ದರೆ ನೀರು ಹರಡಿಕೊಳ್ಳುತ್ತದೆ, ಹೆಚ್ಚಿದ್ದರೆ ಗುಂಡಗಾಗುತ್ತದೆ. ಆದರೆ ಈ ಲೆಕ್ಕ ನಯವಾದ ಮೇಲ್ಮೈಗೆ ಮಾತ್ರ ಸರಿ.

ಒರಟುತನದ ಲೆಕ್ಕವನ್ನು 1936ರಲ್ಲಿ ಕೊಟ್ಟವರು ಅಮೆರಿಕದ ರಾಬರ್ಟ್ ವೆಂಜೆಲ್. ನೀರಿಗೆ ಒಲಿಯುವ ವಸ್ತು ಒರಟಾದಷ್ಟೂ ಹೆಚ್ಚು ಒದ್ದೆಯಾಗುತ್ತದೆ. ಒಲಿಯದ ವಸ್ತು ಒರಟಾದಷ್ಟೂ ನೀರನ್ನು ಹೆಚ್ಚು ದೂರವಿಡುತ್ತದೆ. ಹತ್ತಿ ಮೊದಲ ಪಂಗಡದ್ದು, ಜಿಡ್ಡಿರುವ ಉಣ್ಣೆ ಎರಡನೆಯದು.

ಇಂಗ್ಲೆಂಡಿನ ಉಣ್ಣೆ ಉದ್ಯಮದ ಸಂಶೋಧನಾಲಯದಲ್ಲಿದ್ದ ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹನಿ ಎಳೆಗಳ ನೆತ್ತಿಯನ್ನಷ್ಟೇ ಮುಟ್ಟಿರುತ್ತದೆ. ಉಳಿದೆಡೆ ಅದರ ಕೆಳಗಿರುವುದು ಬರೀ ಗಾಳಿ! ಬಾತುಕೋಳಿಯ ಗರಿ ನೆನೆಯದಿರುವ ಗುಟ್ಟೂ ಇದೇ. ಬಿರುಸು ಮಳೆಯೋ ಉಜ್ಜಾಟವೋ ನೀರನ್ನು ಒಳಗೆ ಒತ್ತಿ ಈ ಗಾಳಿಯನ್ನು ಹೊರಡಿಸಿತೆಂದರೆ ತಡೆ ಮುರಿದಂತೆಯೇ. ಚೀಲದ ಪಟ್ಟಿ ಉಜ್ಜುವ ಭುಜದ ಬಳಿ ಮಳೆಯಂಗಿ ಬೇಗ ತೊಯ್ಯುವುದನ್ನು ಗಮನಿಸಿರಬಹುದು.

1938ರಲ್ಲಿ ಆಕಸ್ಮಿಕವಾಗಿ ಕೈಗೆ ಸಿಕ್ಕ ಟೆಫ್ಲಾನ್ ಎಂಬ ಪಾಲಿಮರ್ ನೀರಿಗೆ ಸುಲಭವಾಗಿ ಒಲಿಯುವಂಥದ್ದಲ್ಲ. ಆದರೂ ನಯವಾದ ಟೆಫ್ಲಾನಿನ ಮೇಲೆ ಸ್ಪರ್ಶಕೋನ ಸುಮಾರು 110 ಡಿಗ್ರಿ ಮಾತ್ರ. ಅದನ್ನೇ ತಕ್ಕ ರೀತಿಯಲ್ಲಿ ಒರಟು ಮಾಡಿದರೆ 150 ದಾಟುತ್ತದೆ. ತಾವರೆ ಎಲೆಯ ಮೇಲೂ ಮೇಣ ಹೊದ್ದ ಅತಿಸೂಕ್ಷ್ಮ ಗುಬುಟುಗಳಿವೆ. ಹನಿ ಉರುಳುವಾಗ ಧೂಳನ್ನೂ ಗುಡಿಸಿಕೊಂಡು ಹೋಗುತ್ತದೆಂದು ಜರ್ಮನಿಯ ಬಾರ್ಟ್‌ಲಾಟ್ ಮತ್ತು ನೈನ್‌ಹೌಸ್ 1997ರಲ್ಲಿ ವಿವರಿಸಿದರು.

ಈ ತಿಳಿವು ಇಂದು ತೀರ ಅಗತ್ಯ. ಬಟ್ಟೆ ನೆನೆಯದಂತೆ ದಶಕಗಳ ಕಾಲ ಬಳಸಿದ ಫ್ಲೋರಿನ್ ಸಂಯುಕ್ತಗಳಲ್ಲಿ ಹಲವು ಮಣ್ಣುನೀರುಗಳಲ್ಲಿ ಕರಗಿಹೋಗದೆ ಉಳಿಯುತ್ತವೆ. ಅಂಥದೊಂದನ್ನು, ಪಿಎಫ್‌ಒಎ ಎಂಬುದನ್ನು, 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಲಾಯಿತು. ರಾಸಾಯನಿಕದ ಭಾರವನ್ನು ಒರಟುತನವು ಒಂದಿಷ್ಟಾದರೂ ಹೊರಬಲ್ಲುದಾದರೆ ಅಷ್ಟರ ಮಟ್ಟಿಗೆ ವಿಷ ಕಡಿಮೆ.

ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಕಂಬಳಿಯನ್ನು ಕೆಳಗಿಳಿಸಿ, ಮಕ್ಕಳ ಕೈಯಿಂದ ಅದರ ಮೇಲೆ ನಾಲ್ಕು ಹನಿ ನೀರು ಹಾಕಿಸಿ ನೋಡಿ.