ಕೊನೆಯ ಪುಟದ ಕೊನೆಯ ಸಾಲು

ಮೊನ್ನೆ ದಾಂಡೇಲಿಗೆ ಹೋದಾಗ ಅವ್ವ ನನ್ನ ಕೈಲಿ ಅಟ್ಟ ಖಾಲಿ ಮಾಡಿಸಿದಳು. ಹಳೇ ಟ್ರಂಕಿನ ತಳಕ್ಕೆ ಹಾಸಿದ್ದ ನಮ್ಮ ಕಡೆಯ ವಾರಪತ್ರಿಕೆಯೊಂದು ಸಿಕ್ಕಿತು. ಹೆಸರಿದ್ದ ಭಾಗ ಗೆದ್ದಲಿನ ಪಾಲಾಗಿತ್ತು. ಕೊನೆಯ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದ ಸಾಲೊಂದು ಮಾತ್ರ ಉಳಿದಿತ್ತು: ಸಂಪಾದಕ, ಮುದ್ರಕ, ಪ್ರಕಾಶಕ... ಮೂರೂ ಒಬ್ಬರೇ!

"ಜಾಹೀರಾತು ತರೋರೂ ಅವ್ರ, ಪೋಸ್ಟಿಗೆ ಹಾಕೋರೂ ಅವ್ರ" ಅಂದರು ಅಪ್ಪ.

ಈ ಸಾಲು ಯಾಕೆ ಬಂತು ಅಂತ ಹುಡುಕುತ್ತ ಹೋದೆ. ಬ್ರಿಟಿಷರ 1867ರ ಕಾಯ್ದೆ ಅದರ ಮೂಲ. ಮುದ್ರಕನೂ ಪ್ರಕಾಶಕನೂ ಮ್ಯಾಜಿಸ್ಟ್ರೇಟರ ಮುಂದೆ ಘೋಷಣೆ ಕೊಡಬೇಕು, ಪ್ರತಿ ಸಂಚಿಕೆಯಲ್ಲೂ ಹೆಸರು ಹಾಕಬೇಕು. ತಪ್ಪಾದರೆ ಯಾರನ್ನು ಹಿಡಿಯಬೇಕೆಂದು ಸರ್ಕಾರಕ್ಕೆ ಗೊತ್ತಿರಬೇಕಲ್ಲ!

1910ರ ಕಾಯ್ದೆ ಇನ್ನೂ ಜೋರು. ಹೊಸ ಅಚ್ಚುಕೂಟದವರು 500ರಿಂದ 2000 ರೂಪಾಯಿವರೆಗೆ ಠೇವಣಿ ಇಡಬೇಕು. ಸರ್ಕಾರಕ್ಕೆ ಹಿಡಿಸದ್ದು ಅಚ್ಚಾದರೆ ಠೇವಣಿ ಮುಟ್ಟುಗೋಲು. ಮತ್ತೆ ಹಾಗೇ ಆದರೆ ಯಂತ್ರವೂ ಹೋಗಬಹುದು. ಸಣ್ಣ ಊರಿನ ಅಚ್ಚುಕೂಟ ಅಂದರೆ ಮದುವೆ ಕಾರ್ಡು, ರಸೀದಿ ಪುಸ್ತಕದ ಮೇಲೆ ಬದುಕುವಂಥದ್ದು. ಒಂದು ಲೇಖನಕ್ಕಾಗಿ ಮೊಳೆಗಳನ್ನೆಲ್ಲ ಕಳೆದುಕೊಳ್ಳಲು ಯಾರು ತಯಾರು? ಹಾಗಾಗಿ ಪೊಲೀಸರಿಗಿಂತ ಮೊದಲೇ ಕತ್ತರಿ ಹಿಡಿಯುತ್ತಿದ್ದವನು ಹೆದರಿದ ಮುದ್ರಕ.

ಆ ಕಾಯ್ದೆ ಇನ್ನೂ ಜಾರಿಯಲ್ಲಿದ್ದಾಗಲೇ, 1921ರಲ್ಲಿ, ನಮ್ಮೂರಿಂದ ಹಳಿಯಾಳ ದಾಟಿದರೆ ಸಿಗುವ ಧಾರವಾಡದಲ್ಲಿ ರಂಗನಾಥ ದಿವಾಕರರು 'ಕರ್ಮವೀರ' ವಾರಪತ್ರಿಕೆ ಶುರುಮಾಡಿದರು. 1922ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಕಾನೂನುಭಂಗ ಚಳವಳಿಯ ಬಿಸಿಗೆ 1930ರ ಸುಗ್ರೀವಾಜ್ಞೆ, 1931ರ ಕಾಯ್ದೆಗಳ ರೂಪದಲ್ಲಿ ಠೇವಣಿ ವಾಪಸ್ ಬಂತು. 'ಕರ್ಮವೀರ' ಇದನ್ನೆಲ್ಲ ದಾಟಿ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟಿನ ಆಸರೆಯಲ್ಲಿ ಬೆಳೆಯಿತು. ಮಜಾ ನೋಡಿ, ಇದೇ ದಿವಾಕರರು 1948ರಲ್ಲಿ ಸ್ವತಂತ್ರ ಭಾರತದ ವಾರ್ತಾ ಮತ್ತು ಪ್ರಸಾರ ಸಚಿವರಾದರು :-)

1867ರ ಕಾಯ್ದೆ ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಂದು ಜಾರಿಗೆ ಬಂದ ಮೇಲೆಯೇ ಅದು ಮೂಲೆಗೆ ಸರಿದದ್ದು.

ಒಬ್ಬನ ಮೇಲೆ ಕಣ್ಣಿಡಲು ಹುಟ್ಟಿದ ಸಾಲು ಅದು. ಆದರೆ ಅಟ್ಟದ ಮೇಲೆ ಅದು ನನಗೆ ಸಹಿಯಂತೆ ಕಂಡಿತು. ದಾಂಡೇಲಿಯಂಥ ಊರಲ್ಲಿ ಯಾರ ವಿರುದ್ಧ ಬರೆದಿರೋ ಅವರೇ ಮರುದಿನ ಸಂತೆಯಲ್ಲಿ ಎದುರಾಗುತ್ತಾರೆ. ಆದರೂ "ಬರೆದವನು ನಾನೇ" ಅಂತ ವಾರವಾರವೂ ಹೆಸರು ಹಾಕಬೇಕಿತ್ತು. ಅಡ್ಡಹೆಸರಿಟ್ಟುಕೊಂಡು ಬರೆಯುವ ನಾವು?

ಟ್ರಂಕಿಗೆ ಅವ್ವ ಬೇರೆ ಪೇಪರ್ ಹಾಸಿದಳು. ಆ ಪುಟವನ್ನು ಬೆಂಗಳೂರಿಗೆ ತಂದಿದ್ದೇನೆ. ನಿಮ್ಮ ಮನೆಯ ಟ್ರಂಕುಗಳ ತಳವನ್ನೂ ಒಮ್ಮೆ ನೋಡಿ.